ಎಲೆ ಮೇಲಿನ ಹುಳ ನೋಡಲು 20 ಪಟ್ಟು ಸಾಕು

ಹಿಪ್ಪುನೇರಳೆಯ ಕುಡಿ ಮುದುಡಿ, ಎಲೆ ಸುಕ್ಕುಗಟ್ಟಿ ಕಡುಹಸಿರಾಗಿದ್ದರೆ ಅದು ತುಕ್ರಾ. ಗುಲಾಬಿ ಹಿಟ್ಟು ತಿಗಣೆ ರಸ ಹೀರಿದ್ದರ ಗುರುತು. ಎಲೆ ಮೇಲೆ ಬಿಳಿ ಗೀರು ಬಿದ್ದಿದ್ದರೆ ಥ್ರಿಪ್ಸ್ ಇರಬಹುದು. ಇದು 1 ಮಿಲಿಮೀಟರ್ ಆಸುಪಾಸಿನ ಕೀಟ, ಬರಿಗಣ್ಣಿಗೆ ಸರಿಯಾಗಿ ಸಿಗುವುದಿಲ್ಲ. ಮದ್ದೂರು, ಮಳವಳ್ಳಿ ಕಡೆ ಇದೇ ಸೊಪ್ಪನ್ನು ರೇಷ್ಮೆ ಹುಳಕ್ಕೆ ಹಾಕುತ್ತೇವೆ. ಹಾಗಾಗಿ ಯಾವ ಕೀಟ ಎಂದು ನೋಡದೆ ಸುಮ್ನೆ ಔಷಧಿ ಹೊಡೆಯುವಂತಿಲ್ಲ. ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಎರಡೂ ಕಣ್ಣಿಟ್ಟು ನೋಡುವ, ಕಡಿಮೆ ಪವರಿನ ಸ್ಟೀರಿಯೋ ಮೈಕ್ರೋಸ್ಕೋಪ್.

ಕೊಳ್ಳುವಾಗ ಪವರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಐಪೀಸ್ (ಕಣ್ಣಿಟ್ಟು ನೋಡುವ ಮೇಲಿನ ಲೆನ್ಸ್) 10 ಪಟ್ಟು, ಕೆಳಗಿನ ಲೆನ್ಸ್ 2 ಪಟ್ಟು ಇದ್ದರೆ ಒಟ್ಟು 20 ಪಟ್ಟು ದೊಡ್ಡದಾಗಿ ಕಾಣುತ್ತದೆ. ಆಗ ಸುಮಾರು 10 ಮಿಲಿಮೀಟರ್ ಅಗಲದ ಜಾಗ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. 40 ಪಟ್ಟಿಗೆ ಹೋದರೆ ಅದು ಅರ್ಧಕ್ಕೆ ಇಳಿಯುತ್ತದೆ, ಹರಿದಾಡುವ ಹುಳ ತಪ್ಪಿಸಿಕೊಳ್ಳುತ್ತದೆ. ಒಂದು ಮಾತು ನೆನಪಿರಲಿ: ರೇಷ್ಮೆಯ ಗಂಟು ರೋಗ ಇದರಲ್ಲಿ ಸಿಗುವುದಿಲ್ಲ. ಅದರ ಬೀಜಕಣ 3–4 ಮೈಕ್ರಾನ್ ಅಷ್ಟೇ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಲೂಯಿ ಪಾಶ್ಚರ್ ಕಾಲದಿಂದಲೂ ತಾಯಿ ಚಿಟ್ಟೆಯನ್ನು ಅರೆದು, ಜಾಸ್ತಿ ಪವರಿನ ಮೈಕ್ರೋಸ್ಕೋಪಿನಲ್ಲೇ ಅದನ್ನು ಹುಡುಕುತ್ತಾರೆ.

ಅಲುಗಾಡದ ಮೇಜಿನ ಮೇಲೆ ಇಡಿ. ಎರಡೂ ಐಪೀಸ್ ಹಿಡಿದು ನಿಧಾನಕ್ಕೆ ಹತ್ತಿರ-ದೂರ ಮಾಡಿ. ಎರಡು ದುಂಡು ಸೇರಿ ಒಂದೇ ದುಂಡಾಗಿ ಕಾಣಬೇಕು. ಇನ್ನು ಮುಂದಿನದು ಬಹಳ ಜನ ಬಿಟ್ಟೇಬಿಡುವ ಹೆಜ್ಜೆ. ಒಂದು ಐಪೀಸಿನಲ್ಲಿ ತಿರುಗುವ ರಿಂಗ್ ಇರುತ್ತದೆ, ಸಾಮಾನ್ಯವಾಗಿ ಎಡಗಡೆ. ಮೊದಲು ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಎಲೆಯ ನರ ಚೂಪಾಗಿ ಕಾಣುವವರೆಗೆ ಫೋಕಸ್ ನಾಬ್ ತಿರುಗಿಸಿ. ಆಮೇಲೆ ಬಲಗಣ್ಣು ಮುಚ್ಚಿ. ಈಗ ನಾಬ್ ಮುಟ್ಟಬೇಡಿ. ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ರಿಂಗ್ ಮಾತ್ರ ತಿರುಗಿಸಿ. ಇಷ್ಟಾದರೆ ಎಲೆಯ ಉಬ್ಬು-ತಗ್ಗು ಎದ್ದು ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿದರೆ ತಲೆನೋವು ಬರುತ್ತದೆ ಎನ್ನುವವರಲ್ಲಿ ಬಹಳಷ್ಟು ಜನ ಇದನ್ನು ಹೊಂದಿಸಿಕೊಂಡಿರುವುದಿಲ್ಲ. ಬೇರೆಯವರು ನೋಡಿದ ಮೇಲೆ ನೀವು ಕೂತರೆ ಮತ್ತೆ ಹೊಂದಿಸಿಕೊಳ್ಳಲೇಬೇಕು.

ಬೆಳಕು ಮೇಲಿನಿಂದ, ಸ್ವಲ್ಪ ಓರೆಯಾಗಿ ಬೀಳಲಿ. ಕೆಳಗಿನ ತಟ್ಟೆ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು ಇರುತ್ತದೆ. ಕಬ್ಬಿನ ಬಿಳಿ ಉಣ್ಣೆ ಹೇನು ನೋಡಲು ಕಪ್ಪು ಕಡೆ ಮೇಲೆ ಮಾಡಿ. ಕಬ್ಬಿನ ಕೊರಕದ ಹುಳಕ್ಕೆಂದು ತಂದ ಟ್ರೈಕೋ ಕಾರ್ಡನ್ನೂ (ಪುಟ್ಟ ಕಣಜ ಸೇರಿಕೊಂಡ ಮೊಟ್ಟೆಗಳನ್ನು ಅಂಟಿಸಿದ ಕಾರ್ಡ್) ಹೊಲದಲ್ಲಿ ಕಟ್ಟುವ ಮೊದಲು ಒಮ್ಮೆ ನೋಡಿ. ಟ್ರೈಕೋಗ್ರಾಮ ಎಂಬ ಈ ಕಣಜ ಸೇರಿಕೊಂಡ ಮೊಟ್ಟೆ ಕಪ್ಪಾಗಿರುತ್ತದೆ. ಅದರಲ್ಲಿ ಪುಟ್ಟ ತೂತು ಕಂಡರೆ ಕಣಜ ಆಗಲೇ ಹೊರಬಿದ್ದಿದೆ ಎಂದರ್ಥ. ಬಹುಪಾಲು ಮೊಟ್ಟೆ ತೂತಾಗಿದ್ದರೆ ಆ ಕಾರ್ಡ್ ಕಟ್ಟಿ ಏನು ಪ್ರಯೋಜನ, ಅಲ್ವಾ?

ಇನ್ನು ಕಾಪಾಡುವ ವಿಷಯ. ನಾಲೆ ಬಯಲಿನ ಊರುಗಳಲ್ಲಿ, ಅದರಲ್ಲೂ ಮಳೆ ಜೋರಾಗುವ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಲೆನ್ಸಿನ ದೊಡ್ಡ ಶತ್ರು ಬೂಷ್ಟು. ಜೇಡರ ಬಲೆಯ ಎಳೆಯಂತೆ ಹಬ್ಬಿ, ಗಾಜಿನ ಮೇಲಿನ ಲೇಪವನ್ನೇ ತಿಂದುಬಿಡುತ್ತದೆ. ಒಮ್ಮೆ ಹಾಗಾದರೆ ಆ ಕಲೆ ಹೋಗುವುದಿಲ್ಲ. ಅದಕ್ಕೆ ಬಿಗಿಯಾಗಿ ಮುಚ್ಚುವ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ಬದಲಾದರೆ ಒಣಗಿಸಿ ಮತ್ತೆ ಹಾಕಿ. ಒದ್ದೆ ಎಲೆ ನೋಡಿದ ಕೂಡಲೇ ಒಳಗಿಡಬೇಡಿ, ಸ್ವಲ್ಪ ಆರಲಿ.

ಲೆನ್ಸನ್ನು ಟವೆಲ್‌ನಿಂದ, ಅಂಗಿಯ ಚುಂಗಿನಿಂದ ಒರೆಸಲೇಬೇಡಿ. ಅದರಲ್ಲಿರುವ ಮಣ್ಣಿನ ಕಣ ಗಾಜು ಗೀರುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಧೂಳು ಹಾರಿಸಿ, ಆಮೇಲೆ ಲೆನ್ಸ್ ಪೇಪರಿನಿಂದ ಮೆಲ್ಲಗೆ ಒರೆಸಿ. ಎರಡು ಬದಿಯ ಫೋಕಸ್ ನಾಬ್‌ಗಳನ್ನು ಎದುರುಬದುರು ತಿರುವಿದರೆ ಒಳಗಿನ ಹಲ್ಲು ಕೆಡಬಹುದು. ಎತ್ತುವಾಗ ಒಂದು ಕೈ ಹಿಂದಿನ ಕಂಬದ ಮೇಲೆ, ಇನ್ನೊಂದು ಕೈ ಬುಡದ ಕೆಳಗೆ ಇರಲಿ.

ಹುಳ ಸಾಕುವ ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುವ ದಿನ ಮೈಕ್ರೋಸ್ಕೋಪನ್ನು ಬೇರೆ ಮನೆಗೆ ಸಾಗಿಸಿ. ಕ್ಲೋರಿನ್ ಆವಿ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಬ್ಯಾಟರಿ ದೀಪ ಇದ್ದರೆ, ಬೆಳೆ ಮುಗಿದ ಮೇಲೆ ಸೆಲ್ ತೆಗೆದಿಡಿ.