ಮಗುವಿನ ಕಾರ್ ಸೀಟು: ಹಿಮ್ಮುಖವಾಗಿ, ಬಿಗಿಯಾಗಿ

ಕಾರ್ ಸೀಟು ಕೊಳ್ಳುವ ಮುನ್ನ ಮಗುವಿನ ತೂಕ, ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ವಯಸ್ಸನ್ನು ನಂಬಬೇಡಿ. ನನ್ನ ಮಗಳು ಎರಡು ವರ್ಷಕ್ಕೆ ಮುಟ್ಟಿದ್ದ ಎತ್ತರವನ್ನು ಮಗ ಮೂರಾದರೂ ಮುಟ್ಟಿಲ್ಲ. ಸೀಟಿನ ಮಿತಿ ಅದರ ಚೀಟಿಯಲ್ಲೇ ಇರುತ್ತದೆ. ಎಷ್ಟೇ ದುಬಾರಿಯಾದರೂ ನಿಮ್ಮ ಕಾರಿನಲ್ಲಿ ಭದ್ರವಾಗಿ ಕೂರದ ಸೀಟು ಬೇಡ.

ನಾನು ಪಟ್ಟು ಹಿಡಿದು ಹೇಳುವ ಮಾತೊಂದಿದೆ: ಮಗು ಆದಷ್ಟು ಕಾಲ ಕಾರಿನ ಹಿಂಬದಿಗೆ ಮುಖ ಮಾಡಿಯೇ ಕೂರಲಿ. ಎಳೆಯ ಮಕ್ಕಳ ತಲೆ ಮೈಗೆ ಹೋಲಿಸಿದರೆ ಬಲು ಭಾರ, ಕತ್ತಿನ ಮೂಳೆಗಳು ಇನ್ನೂ ಮೃದು. ಎದುರಿನಿಂದ ಡಿಕ್ಕಿಯಾದಾಗ ಮುಂದಕ್ಕೆ ಮುಖ ಮಾಡಿ ಕೂತ ಮಗುವಿನ ಮೈಯನ್ನು ಪಟ್ಟಿ ಹಿಡಿಯುತ್ತದೆ, ತಲೆ ಮಾತ್ರ ಚಿಮ್ಮುತ್ತದೆ. ಆ ಸೆಳೆತವೆಲ್ಲ ಕತ್ತಿನ ಮೇಲೆ. ಹಿಮ್ಮುಖವಾಗಿ ಕೂತಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಒರಗೇ ತಾಳಿಕೊಳ್ಳುತ್ತದೆ. ಎತ್ತರ ನೋಡಿ ಆರಿಸುವ ಐ-ಸೈಜ್ ಸೀಟುಗಳಿಗಿರುವ ವಿಶ್ವಸಂಸ್ಥೆಯ ಆರ್129 ಸುರಕ್ಷತಾ ನಿಯಮ 15 ತಿಂಗಳವರೆಗೆ ಇದನ್ನು ಕಡ್ಡಾಯ ಮಾಡಿದೆ, ಆದರೆ ಅದು ಕನಿಷ್ಠ ಮಿತಿ. ಸೀಟು ಅನುಮತಿಸುವ ತೂಕ, ಎತ್ತರ ಮೀರುವವರೆಗೂ ತಿರುಗಿಸಬೇಡಿ. "ಕಾಲು ಮಡಚಿ ಕೂತರೆ ನೋಯುವುದಿಲ್ಲವೇನಮ್ಮ?" ಎಂದು ನಮ್ಮತ್ತೆ ಕೇಳುತ್ತಲೇ ಇರುತ್ತಾರೆ. ಮಗ ಚಕ್ಕಳಮಕ್ಕಳ ಹಾಕಿ ಆರಾಮವಾಗಿ ಕೂತಿರುತ್ತಾನೆ.

ಮುಂದಿನ ಆಸನದ ಏರ್‌ಬ್ಯಾಗ್ ಚಾಲೂ ಇದ್ದರೆ ಹಿಮ್ಮುಖ ಸೀಟನ್ನು ಅಲ್ಲಿ ಎಂದೂ ಇಡಬೇಡಿ. ಅದು ಸಿಡಿದ ರಭಸಕ್ಕೆ ಮಗುವಿನ ಜೀವವೇ ಹೋಗಬಹುದು. ಕಾರಿನಲ್ಲೇ ಇರುವ ಲೋಹದ ಸರಳಿಗೆ ಸೀಟನ್ನು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿಯಾಗಲಿ, ಕಾರಿನ ಬೆಲ್ಟ್ ಆಗಲಿ, ಕಟ್ಟಿದ ಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಾಡಿಸಿ. 2.5 ಸೆಂಟಿಮೀಟರಿಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ.

ಹೆಗಲ ಪಟ್ಟಿಗಳು ಹಿಮ್ಮುಖ ಸೀಟಿನಲ್ಲಿ ಹೆಗಲಿನ ಮಟ್ಟದಿಂದ ಅಥವಾ ತುಸು ಕೆಳಗಿನಿಂದ, ಮುಮ್ಮುಖ ಸೀಟಿನಲ್ಲಿ ಹೆಗಲಿನ ಮಟ್ಟದಿಂದ ಅಥವಾ ತುಸು ಮೇಲಿನಿಂದ ಬರಬೇಕು. ಪಟ್ಟಿ ಬಿಗಿದ ಬಳಿಕ ಹೆಗಲ ಬಳಿ ಅದನ್ನು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿದರೆ ಇನ್ನೂ ಸಡಿಲವಿದೆ. ದಪ್ಪ ಜಾಕೆಟ್ ತೆಗೆಯಿರಿ, ಡಿಕ್ಕಿಯಾದಾಗ ಅದು ಅದುಮಿಹೋಗಿ ಪಟ್ಟಿ ಸಡಿಲವಾಗುತ್ತದೆ. ಚಳಿಯಿದ್ದರೆ ಪಟ್ಟಿಯ ಮೇಲೆ ಹೊದಿಕೆ ಹೊದಿಸಿ.

ಮಗಳು ಈಗ ಬೂಸ್ಟರ್ ಮೇಲೆ, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟಿನ ಮೇಲೆ, ಕೂರುತ್ತಾಳೆ. ಬೆಲ್ಟಿನ ಕೆಳಭಾಗ ಹೊಟ್ಟೆಯ ಮೇಲಲ್ಲ, ತೊಡೆಯ ಬುಡದಲ್ಲಿ ಇರಬೇಕು. ಮೇಲ್ಭಾಗ ಒಂದು ಹೆಗಲಿನ ನಡುಭಾಗದ ಮೇಲೆ ಹಾಯಬೇಕು. ಬೂಸ್ಟರ್ ಇಲ್ಲದೆಯೂ ಬೆಲ್ಟ್ ಹೀಗೆಯೇ ಕೂರುವವರೆಗೆ ಅದನ್ನು ತೆಗೆಯುವುದಿಲ್ಲ, ಅವಳು ಎಷ್ಟೇ ಹಟ ಮಾಡಲಿ.

ಬಳಸಿದ ಸೀಟನ್ನು ನೆಂಟರು ಪ್ರೀತಿಯಿಂದ ಕೊಟ್ಟರೂ ಅದು ಅಪಘಾತ ಕಂಡಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕಂಡಿದ್ದರೆ, ಬಿರುಕು ಕಾಣದಿದ್ದರೂ, ತೆಗೆದುಕೊಳ್ಳಬೇಡಿ.