ಶ್ವಾಸಕೋಶದ ಬಿಗಿ ಅಳೆಯುವುದು ಹೇಗೆ?

ಕೊಡಗಿನ ಮಳೆಗೆ ನೆಂದು ಬೂಷ್ಟು ಹಿಡಿದ ಹುಲ್ಲು ಕೊಡವಿ ಏದುಸಿರು ಬರಿಸಿಕೊಂಡ ರೈತರಿರಲಿ, ತೋಟದ ಲೈನ್ ಮನೆಯಲ್ಲಿ ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ಅಜ್ಜಿಯಿರಲಿ, ಮಡಿಕೇರಿಯ ಆಸ್ಪತ್ರೆಯಲ್ಲಿ ಮೊದಲು ಮಾಡಿಸುವುದು ಕೊಳವೆಗೆ ಊದಿಸುವ ಸ್ಪೈರೋಮೆಟ್ರಿ. ಎಷ್ಟು ಗಾಳಿ, ಎಷ್ಟು ವೇಗದಲ್ಲಿ ಹೊರಬಂತು ಎಂದು ಅದು ತಿಳಿಸುತ್ತದೆ. ಆ ಗಾಳಿ ಎಳೆದುಕೊಳ್ಳಲು ಎಷ್ಟು ಬಲ ಬೇಕಾಯಿತು ಎಂಬುದು ಅದರಲ್ಲಿಲ್ಲ. ಅದನ್ನು ಹೇಳುವುದು ಕಂಪ್ಲಯನ್ಸ್: ಒತ್ತಡ 1 ಸೆಂ.ಮೀ. ನೀರಿನಷ್ಟು ಹೆಚ್ಚಿದರೆ ಶ್ವಾಸಕೋಶ ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕ. ಆರೋಗ್ಯವಂತ ವಯಸ್ಕರಲ್ಲಿ ಸುಮಾರು 200 ಮಿ.ಲೀ.

ಗಾಳಿ ಅಳೆಯುವುದು ಸುಲಭ, ತೊಡಕೆಲ್ಲ ಒತ್ತಡದ್ದು. ಶ್ವಾಸಕೋಶದ ಒಳಗಿನ ಒತ್ತಡವೂ ಬೇಕು, ಅದಕ್ಕೂ ಪಕ್ಕೆಲುಬಿಗೂ ನಡುವಿನ ತೆಳು ಸಂದಿನ ಒತ್ತಡವೂ ಬೇಕು. ಆ ಸಂದಿಗೆ ಸೂಜಿ ಚುಚ್ಚಿದರೆ ಶ್ವಾಸಕೋಶವೇ ಕುಸಿಯುವ ಅಪಾಯ. ಹಾಗಾಗಿ ಅನ್ನನಾಳದ ಮೊರೆ ಹೋಗುತ್ತಾರೆ. ಎದೆಗೂಡಿನೊಳಗೆ ಹಾದುಹೋಗುವ ಈ ಮೆತ್ತನೆಯ ನಾಳ ಸುತ್ತಲಿನ ಒತ್ತಡವನ್ನು ಬಹುಮಟ್ಟಿಗೆ ಹಾಗೇ ತೋರಿಸುತ್ತದೆ.

ಮೊದಲ ಹಂತ, ಬಲೂನು ಇಳಿಸುವುದು. ಸಣ್ಣ ಟ್ಯೂಬಿನ ತುದಿಗೆ ಸುಮಾರು 10 ಸೆಂ.ಮೀ. ಉದ್ದದ ತೆಳು ಬಲೂನು ಇರುತ್ತದೆ. ಮೂಗಿಗೆ ಮರಗಟ್ಟಿಸುವ ಜೆಲ್ ಹಚ್ಚಿ, ರೋಗಿಯನ್ನು ನೆಟ್ಟಗೆ ಕೂರಿಸಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತ ಹೊಟ್ಟೆಯವರೆಗೂ ಇಳಿಸಿ, ಅರ್ಧ ಮಿ.ಲೀ. ಆಸುಪಾಸು ಗಾಳಿ ಬಿಡುತ್ತಾರೆ. ಹೆಚ್ಚು ತುಂಬಿದರೆ ಬಲೂನಿನ ಸ್ವಂತ ಬಿಗಿಯೂ ಅಳತೆಗೆ ಸೇರಿಬಿಡುತ್ತದೆ. ಹೊಟ್ಟೆಯಲ್ಲಿದ್ದಾಗ ಉಸಿರೆಳೆದರೆ ಒತ್ತಡ ಏರುತ್ತದೆ. ಮೇಲಕ್ಕೆ ಎಳೆಯುತ್ತ ಬಂದಂತೆ ಒಂದು ಕಡೆ ಇಳಿಯತೊಡಗುತ್ತದೆ. ಅಲ್ಲಿಂದ ಇನ್ನೂ ಸುಮಾರು 10 ಸೆಂ.ಮೀ. ಮೇಲೆ ನಿಲ್ಲಿಸಬೇಕು.

ಆಮೇಲೆ ತಪಾಸಣೆ. ಬಾಯಿಯ ಕೊಳವೆ ಮುಚ್ಚಿ ಉಸಿರೆಳೆಯಲು ಹೇಳಿದಾಗ ಬಾಯಿಯ ಒತ್ತಡ, ಬಲೂನಿನ ಒತ್ತಡ ಎರಡೂ ಒಂದೇ ಅಳತೆಯಲ್ಲಿ ಇಳಿಯಬೇಕು. ಇಲ್ಲವಾದರೆ ಬಲೂನು ಸರಿಸಿ ಮತ್ತೆ ನೋಡಬೇಕು. ಇದನ್ನು ಬಿಟ್ಟು ಮಾಡಿದ ವರದಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಈಗ ಅಳತೆ. ಮೂಗಿಗೆ ಕ್ಲಿಪ್ಪು ಹಾಕಿ, ಎದೆ ತುಂಬ ಉಸಿರೆಳೆಸಿ, ನಿಧಾನಕ್ಕೆ ಬಿಡಿಸುತ್ತಾರೆ. ಅರ್ಧ ಲೀಟರಿಗೊಮ್ಮೆ ಕವಾಟ ಒಂದೆರಡು ಸೆಕೆಂಡು ಮುಚ್ಚುತ್ತದೆ. ಗಾಳಿ ಹರಿಯದ ಆ ಹೊತ್ತಿನಲ್ಲಿ ಬಾಯಿಯ ಒತ್ತಡವೇ ಶ್ವಾಸಕೋಶದ ಒಳಗಿನ ಒತ್ತಡ. ಗಂಟಲು ಮಾತ್ರ ಬಿಗಿಹಿಡಿಯಬಾರದು. ಈ ಬಾಯಿಯ ಒತ್ತಡದಿಂದ ಬಲೂನಿನ ಒತ್ತಡ ಕಳೆದರೆ ಶ್ವಾಸಕೋಶವನ್ನು ಹಿಗ್ಗಿಸಿ ಹಿಡಿದಿರುವ ಒತ್ತಡ ಸಿಗುತ್ತದೆ. ಪ್ರತಿ ನಿಲುಗಡೆಯ ಲೆಕ್ಕವನ್ನೂ ಗ್ರಾಫಿಗೆ ಹಾಕಬೇಕು. ಸಹಜವಾಗಿ ಉಸಿರು ಬಿಟ್ಟು ನಿಂತಾಗ ಈ ಒತ್ತಡ 5 ಸೆಂ.ಮೀ. ಇದ್ದದ್ದು, ಅದಕ್ಕಿಂತ 500 ಮಿ.ಲೀ. ಮೇಲೆ 7.5 ಇದ್ದರೆ, 500ನ್ನು 2.5ರಿಂದ ಭಾಗಿಸಿ: 200. ಎದೆ ಪೂರ್ತಿ ತುಂಬಿದ ಕಡೆ ಗೆರೆ ಮಟ್ಟಸವಾಗುವುದರಿಂದ ಅಲ್ಲಿ ಲೆಕ್ಕ ಹಾಕಬಾರದು. ಉಸಿರೆಳೆಯುವಾಗಿನ ಗೆರೆಯೂ ಬೇರೆಯೇ ಇರುತ್ತದೆ, ರೂಢಿಯಲ್ಲಿರುವುದು ಬಿಡುವಾಗಿನದು.

ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆಯಲ್ಲ, ಲೆಕ್ಕ ಬದಲಾಗದೇ? ಒತ್ತಡದ ವ್ಯತ್ಯಾಸವನ್ನಷ್ಟೇ ಅಳೆಯುವುದರಿಂದ ಆ ಕಡೆಯಿಂದ ತೊಂದರೆಯಿಲ್ಲ. ಗಾಳಿಯ ಪ್ರಮಾಣವನ್ನು ದೇಹದ ಶಾಖಕ್ಕೆ ಹೊಂದಿಸುವಾಗ ಊರಿನ ವಾಯುಭಾರ ಹಾಕಬೇಕು. ಸಮುದ್ರಮಟ್ಟದ್ದೇ ಹಾಕಿದರೂ ತಪ್ಪುವುದು ಶೇ 1ಕ್ಕಿಂತ ಕಡಿಮೆ.

ಬೂಷ್ಟಿನ ಧೂಳು ವರ್ಷಗಟ್ಟಲೆ ಹೊಕ್ಕು ಶ್ವಾಸಕೋಶ ಕಲೆಗಟ್ಟಿದರೆ ಸಂಖ್ಯೆ ಇಳಿಯುತ್ತದೆ. ಹೊಗೆಯಿಂದ ಗಾಳಿಚೀಲಗಳ ಗೋಡೆ ಹರಿದಿದ್ದರೆ ಏರುತ್ತದೆ. ಏರಿತೆಂದು ಹಿಗ್ಗಬೇಕಿಲ್ಲ: ಇಲಾಸ್ಟಿಕ್ ಹೋದ ಕಾಲುಚೀಲದ ಹಾಗೆ, ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ. ಕುಳ್ಳಗಿನವರಲ್ಲಿ ಶ್ವಾಸಕೋಶವೇ ಚಿಕ್ಕದು, ಸಂಖ್ಯೆಯೂ ಚಿಕ್ಕದು. ಆದ್ದರಿಂದ ಉಸಿರು ಬಿಟ್ಟ ಮೇಲೆ ಒಳಗೆ ಉಳಿಯುವ ಗಾಳಿಯಿಂದ ಭಾಗಿಸಿ ಹೋಲಿಸುವುದು ನ್ಯಾಯ.

ಎಲ್ಲರೂ ಬಲೂನು ನುಂಗಬೇಕಾಗಿಲ್ಲ. ಬಹುತೇಕರಿಗೆ ಸ್ಪೈರೋಮೆಟ್ರಿ, ಸಿ.ಟಿ. ಸ್ಕ್ಯಾನ್ ಸಾಕು. ಕಂಪ್ಲಯನ್ಸ್ ದಿನನಿತ್ಯ ಬಳಕೆಗೆ ಬರುವುದು ಐಸಿಯುನಲ್ಲಿ, ಅದೂ ಸಾಮಾನ್ಯವಾಗಿ ಬಲೂನಿಲ್ಲದೆ. ವೆಂಟಿಲೇಟರ್ 500 ಮಿ.ಲೀ. ಗಾಳಿ ತುಂಬಿ ಅರೆಕ್ಷಣ ತಡೆಹಿಡಿದಾಗ ಒತ್ತಡ 20, ಉಸಿರು ಬಿಟ್ಟಾಗ 10 ಇದ್ದರೆ ಉತ್ತರ 50. ಇದು ಶ್ವಾಸಕೋಶ, ಎದೆಗೂಡು ಎರಡೂ ಸೇರಿದ ಲೆಕ್ಕ. ರೋಗಿ ಆ ಹೊತ್ತಿಗೆ ತಾನಾಗಿ ಉಸಿರೆಳೆಯಲು ಹೆಣಗುತ್ತಿದ್ದರೆ ಆ ಅಂಕಿಯನ್ನು ಬಿಟ್ಟು ಮತ್ತೆ ಅಳೆಯಬೇಕು.