ನೀರಿನ ಡ್ರಮ್ಮಿನಲ್ಲಿ ಸದ್ದಿನ ವೇಗ ಅಳೆಯುವುದು

ಮುಂಬಯಿಯ ಚಾಳುಗಳಲ್ಲಿ ನೀರು ತುಂಬಿಡುವ ದೊಡ್ಡ ಡ್ರಮ್, ಗಾಳಿಯಲ್ಲಿ ಸದ್ದಿನ ವೇಗ ಅಳೆಯುವ ಈ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿದೆ. ನೀರು 60 ಸೆಂ.ಮೀ. ಆಳವಿರಲಿ. ಜೊತೆಗೆ 70 ಸೆಂ.ಮೀ. ಉದ್ದದ ಒಂದಿಂಚು ಪಿವಿಸಿ ಪೈಪು, ಅಳತೆ ಟೇಪು, ಟೋನ್ ಜನರೇಟರ್ (ಬೇಕಾದ ಆವರ್ತನದ ಒಂದೇ ಸ್ವರ ಹೊರಡಿಸುವ) ಆ್ಯಪ್ ಹಾಕಿದ ಮೊಬೈಲು.

ಆ್ಯಪಿನಲ್ಲಿ 512 ಹರ್ಟ್ಸ್ ಇಡಿ, ಫ್ಯಾನ್ ಆರಿಸಿ. ಪೈಪನ್ನು ನೆಟ್ಟಗೆ ಮುಳುಗಿಸಿ, ಅದರ ಬಾಯಿಗಿಂತ 2 ಸೆಂ.ಮೀ. ಮೇಲೆ ಸ್ಪೀಕರ್ ಹಿಡಿದು, ಎರಡನ್ನೂ ಒಟ್ಟಿಗೆ ನಿಧಾನವಾಗಿ ಎತ್ತುತ್ತ ಬನ್ನಿ. ನೀರಿನ ಮೇಲೆ ಸುಮಾರು 16 ಸೆಂ.ಮೀ. ಪೈಪು ಕಂಡಾಗ ಸದ್ದು ಒಮ್ಮೆಲೇ ತುಂಬಿಕೊಳ್ಳುತ್ತದೆ. ಪೈಪನ್ನು ಹಿಡಿದ ಬೆರಳಿಗೂ ಸಣ್ಣ ನಡುಕ ತಿಳಿಯಬಹುದು. ನೀರಿನ ಮಟ್ಟಕ್ಕೆ ಗುರುತು ಹಾಕಿ. 50ರ ಆಸುಪಾಸು ಮತ್ತೊಮ್ಮೆ ಹಾಗೇ ಆಗುತ್ತದೆ; ಅಲ್ಲೂ ಗುರುತು ಹಾಕಿ.

ಎರಡು ಗುರುತುಗಳ ಅಂತರ ಅರ್ಧ ತರಂಗಾಂತರ, ಅಂದರೆ ಸದ್ದಿನ ಒಂದು ಅಲೆಯ ಉದ್ದದ ಅರ್ಧ. ಪೂರ್ತಿ ತರಂಗಾಂತರವನ್ನು ಆವರ್ತನದಿಂದ ಗುಣಿಸಿದರೆ ವೇಗ. 34.1 ಸೆಂ.ಮೀ. ಬಂತೆನ್ನಿ: 2 × 0.341 × 512, ಅಂದರೆ ಸೆಕೆಂಡಿಗೆ 349 ಮೀಟರ್. 30 ಡಿಗ್ರಿ ಸೆಖೆಯಲ್ಲಿ ಇದು ಸರಿಯಾದ ಉತ್ತರ.

ಬಹಳ ಮಂದಿ ಎಡವುವುದು ಮೊದಲ ಗುರುತನ್ನಷ್ಟೇ ಕಾಲು ತರಂಗಾಂತರವೆಂದುಕೊಂಡು ನಾಲ್ಕರಿಂದಲೂ 512ರಿಂದಲೂ ಗುಣಿಸಿ. ಆಗ 334ರ ಹತ್ತಿರ ಬರುತ್ತದೆ. ಪೈಪಿನ ಬಾಯಿಂದಾಚೆಗಿನ ಗಾಳಿಯೂ, ವ್ಯಾಸದ ಸುಮಾರು 0.3 ಪಾಲು, ಒಟ್ಟಿಗೆ ಕಂಪಿಸುತ್ತದಲ್ಲ! ಎರಡನೇ ಗುರುತಿನಿಂದ ಮೊದಲನೆಯದನ್ನು ಕಳೆದಾಗ ಆ ದೋಷ ತಾನೇ ಹೋಗುತ್ತದೆ. ಅಂತರದಲ್ಲಿ 1 ಸೆಂ.ಮೀ. ತಪ್ಪಿದರೂ ಉತ್ತರ 10 ಮೀಟರ್ ಜಾರುವುದರಿಂದ, ಏರಿಸುವಾಗ ಮೂರು, ಇಳಿಸುವಾಗ ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಪುಣೆಯಲ್ಲಿ ಜನವರಿಯ ಮುಂಜಾನೆ 12 ಡಿಗ್ರಿಯಲ್ಲಿ ಮಾಡಿದರೆ ಅಂತರ 33 ಸೆಂ.ಮೀ.ಗೆ ಇಳಿಯುತ್ತದೆ.